ರಿಪ್ಲಿ ಮತ್ತು ಪರ್ಲ್‌ರಾತ್: ಓದುಗರೊಬ್ಬರಿಗೆ ಉತ್ತರ

ಜಗತ್ತಿನ ವಿಚಿತ್ರ ಸಂಗತಿಗಳನ್ನು 'ಬಿಲೀವ್ ಇಟ್ ಆರ್ ನಾಟ್' (ನಂಬಿದರೆ ನಂಬಿ) ಎಂಬ ಪತ್ರಿಕಾ ಚಿತ್ರಾಂಕಣದಲ್ಲಿ ಕೊಡುತ್ತಿದ್ದ ಅಮೆರಿಕದ ರಾಬರ್ಟ್ ರಿಪ್ಲಿಯ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬಂದ ಪರಿಚಯ ಲೇಖನವನ್ನು ಓದಿದ ಮೈಸೂರಿನ ಓದುಗರೊಬ್ಬರು ಕೇಳಿದ್ದಾರೆ: "ದುಡ್ಡಿದ್ದವನ ಶೋಕಿಗೆ ಇಷ್ಟು ಪುಟಗಳು ಬೇಕಿದ್ದವೇ? ಅವನು ಹೇಳಿದ್ದರಲ್ಲಿ ನಿಜವೆಷ್ಟು, ಬುರುಡೆಯೆಷ್ಟು?"

ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 1927ರಲ್ಲಿ ವೈಮಾನಿಕ ಚಾರ್ಲ್ಸ್ ಲಿಂಡ್‌ಬರ್ಗ್ ನ್ಯೂಯಾರ್ಕಿನಿಂದ ವಿಮಾನದಲ್ಲಿ ಹೊರಟು ನಡುವೆ ಎಲ್ಲಿಯೂ ಇಳಿಯದೆ ಪ್ಯಾರಿಸ್ ತಲುಪಿದಾಗ ಅಮೆರಿಕ ಅವನನ್ನು ಹೊತ್ತು ಮೆರೆಸಿತು. ಹೀಗೆ ಅಟ್ಲಾಂಟಿಕ್ ದಾಟಿದವರಲ್ಲಿ ಆತ 67ನೆಯವನು ಎಂದು ರಿಪ್ಲಿ ತನ್ನ ಚಿತ್ರಾಂಕಣದಲ್ಲಿ ಬರೆದುಬಿಟ್ಟ. ಸುಳ್ಳುಗಾರನೆಂದು ಬೈದು ಸಾವಿರಾರು ಪತ್ರಗಳು ಬಂದವು. ರಿಪ್ಲಿಯ ಬಳಿ ಲೆಕ್ಕವಿತ್ತು. 1919ರಲ್ಲಿ ಬ್ರಿಟನ್ನಿನ ವೈಮಾನಿಕರಾದ ಅಲ್ಕಾಕ್ ಮತ್ತು ಬ್ರೌನ್ ಇಬ್ಬರೂ ಒಂದೇ ಹಾರಾಟದಲ್ಲಿ ದಾಟಿದ್ದರು. ಅದೇ ವರ್ಷ ಬ್ರಿಟನ್ನಿನ, ಅನಿಲ ತುಂಬಿ ಹಾರಿಸುವ ವಾಯುನೌಕೆಯಲ್ಲಿ 31 ಮಂದಿ, 1924ರಲ್ಲಿ ಜರ್ಮನಿಯಿಂದ ಬಂದ ಇನ್ನೊಂದರಲ್ಲಿ 33 ಮಂದಿ. ಕೂಡಿದರೆ 66. ಲಿಂಡ್‌ಬರ್ಗ್ ಮೊದಲಿಗನಾದದ್ದು ಒಬ್ಬಂಟಿಯಾಗಿ ದಾಟಿದ್ದರಲ್ಲಿ. ಎಲ್ಲರೂ ಕಂಡೂ ಮರೆತ ಸಂಗತಿಯನ್ನು ಎದುರಿಗಿಡುವ ಈ ಕಸುಬು ನನಗೆ ಬಹಳ ಇಷ್ಟ.

ಆದರೆ ಅಂಕಣಕ್ಕೆ ಬೇಕಾದ ಸಂಗತಿಗಳಲ್ಲಿ ಬಹುಪಾಲನ್ನು ಹುಡುಕಿ ಕೊಟ್ಟವನು ಬೇರೆಯವನು. 1923ರಲ್ಲಿ ರಿಪ್ಲಿಯ ಬಳಿ ಸೇರಿದ ಹಲವು ಭಾಷೆ ಬಲ್ಲ ನಾರ್ಬರ್ಟ್ ಪರ್ಲ್‌ರಾತ್, ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಪುಸ್ತಕಗಳನ್ನು ಜಾಲಾಡಿದ. ರಿಪ್ಲಿ 1949ರಲ್ಲಿ ತೀರಿಕೊಂಡ ಮೇಲೂ ನಿಲ್ಲಿಸಲಿಲ್ಲ; 1975ರವರೆಗೆ ಅದೇ ಕೆಲಸ. ರಿಪ್ಲಿಯ ಹೆಸರು ಜಗತ್ತಿನ ಬಾಯಲ್ಲಿದೆ, ಇವನ ಹೆಸರು ಯಾರಿಗೂ ಗೊತ್ತಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡುತ್ತದೆ.

ಇನ್ನು ಶೋಕಿಯ ಮಾತು. ಕ್ಯಾಲಿಫೋರ್ನಿಯಾದ ಸಾಂಟಾ ರೋಸಾದಲ್ಲಿ 1890ರಲ್ಲಿ ಹುಟ್ಟಿದ ರಿಪ್ಲಿ ಕೂತು ಉಣ್ಣುವ ಮನೆತನದವನಲ್ಲ. ಪತ್ರಿಕೆಗೆ ಕ್ರೀಡಾಚಿತ್ರ ಬರೆದು ಹೊಟ್ಟೆ ಹೊರೆದವನು. 1918ರಲ್ಲಿ ಆಟೋಟದ ವಿಚಿತ್ರಗಳಿಂದ ಆರಂಭವಾದ ಅಂಕಣವನ್ನು 1929ರಲ್ಲಿ ಹರ್ಸ್ಟ್ ಪತ್ರಿಕಾ ಬಳಗ ಕೈಗೆತ್ತಿಕೊಂಡ ಮೇಲೆ ಹಣ ಹರಿಯಿತು. ನ್ಯೂಯಾರ್ಕ್ ಸಮೀಪದ ಮಮಾರೊನೆಕ್‌ನಲ್ಲಿ ದ್ವೀಪವೊಂದನ್ನೇ ಕೊಂಡು, ಅಲ್ಲಿಯ ಮನೆಯನ್ನು ದೇಶದೇಶಗಳ ವಸ್ತುಗಳಿಂದ ತುಂಬಿದ. ಓಡಾಡಲು ಚೀನೀ ಮಾದರಿಯ ಹಾಯಿಹಡಗು. ದುಡಿದ ದುಡ್ಡು, ಅದಕ್ಕೆ ನನ್ನ ಆಕ್ಷೇಪವಿಲ್ಲ.

ನನ್ನ ಆಕ್ಷೇಪ 1933ರ ಷಿಕಾಗೊ ವಿಶ್ವಮೇಳದ ಬಗ್ಗೆ. ಅಲ್ಲಿಯ ತನ್ನ ಪ್ರದರ್ಶನಾಲಯದಲ್ಲಿ ರಿಪ್ಲಿ ವಸ್ತುಗಳ ಜೊತೆಗೆ ಅಸಾಮಾನ್ಯ ದೇಹದ ಮನುಷ್ಯರನ್ನೂ ವೇದಿಕೆಗೆ ಏರಿಸಿದ. ಅವರಿಗೆ ಸಂಬಳ ಸಿಕ್ಕಿರಬಹುದು, ಜನ ಮುಗಿಬಿದ್ದಿರಬಹುದು. ಆದರೂ ಮನುಷ್ಯರನ್ನು ಸಂಗ್ರಹದ ಸಾಲಿಗೆ ಸೇರಿಸಿದ್ದನ್ನು ನಾನು ಒಪ್ಪಲಾರೆ.

ಪುಟಗಳ ವಿಷಯಕ್ಕೆ ಬಂದರೆ, ರಿಪ್ಲಿಗೆ ಕೊಟ್ಟಷ್ಟೇ ಜಾಗವನ್ನು ಮುಂದೊಂದು ಸಂಚಿಕೆಯಲ್ಲಿ ಪರ್ಲ್‌ರಾತ್‌ಗೂ ಕೊಡುತ್ತೇವೆ.

— ಸಂಪಾದಕ