ಬೂದು ಊರು, ಮಂಕು ರೂಮು: ತಪ್ಪು ಬಣ್ಣದ್ದೋ ಬೆಳಕಿನದ್ದೋ?

ಕೆಲಸಕ್ಕೆಂದು ಶಿವಮೊಗ್ಗ ಕಡೆಯಿಂದ ಕಲಬುರಗಿಗೆ ಬಂದಿದ್ದೀರಿ. ಇಲ್ಲಿ ಬಣ್ಣವೇ ಇಲ್ಲ, ಎಲ್ಲಾ ಬೂದು, ಸಂಜೆ ರೂಮಿನ ಬಾಗಿಲು ತೆಗೆದರೆ ಜೀವಕ್ಕೆ ಬೇಸರ ಅಂದಿದ್ದೀರಿ. ಬೆಳಕು, ಬಣ್ಣಗಳಿಂದ ಮನಸ್ಸು ನಿಜಕ್ಕೂ ಬದಲಾಗುತ್ತದೆಯೇ, ಹೌದಾದರೆ ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂಬುದು ನಿಮ್ಮ ಪ್ರಶ್ನೆ.

ಬದಲಾಗುತ್ತದೆ. ಆದರೆ ಗೋಡೆಗೆ ಈಗಲೇ ಕೈ ಹಾಕಬೇಡಿ. ಯಾವುದೇ ಬಣ್ಣ ನೋಡುವ ಮುಂಚೆ ಅದರ ಮೇಲೆ ಬೀಳುತ್ತಿರುವ ಬೆಳಕು ಎಂಥದು, ಅದರ ಮಗ್ಗುಲಿಗೆ ಏನಿದೆ, ಇವೆರಡನ್ನು ನೋಡಬೇಕು. ಮನಸ್ಸಿನ ಮೇಲೆ ಆಗುವುದರಲ್ಲಿ ಮುಕ್ಕಾಲು ಪಾಲು ಅಲ್ಲೇ ಆಗಿಹೋಗಿರುತ್ತದೆ ಎನ್ನುವುದು ನನ್ನ ಅಂದಾಜು.

ಈ ಮಾತು ನಾನು ಹೇಳುವುದು ಅಂಗಡಿ ಗಲ್ಲೆಯ ಮೇಲೆ ಕೂತು. ಇಲ್ಲಿನ ಸೂಪರ್ ಮಾರ್ಕೆಟ್ ಎಂಬ ಪೇಟೆಯ ಕಡೆ ನಮ್ಮದೊಂದು ಮ್ಯಾಚಿಂಗ್ ಸೆಂಟರ್ ಇದೆ. ರವಿಕೆ ಬಟ್ಟೆ, ಅಸ್ತರು, ಫಾಲು, ಲಂಗ. ನೆಲದಿಂದ ಸೂರಿನ ತನಕ ಥಾನುಗಳು. ಕೆಂಪಿನ ಒಂದೇ ಖಾನೆಯಲ್ಲಿ ರಾಣಿ, ಗಾಜರಿ, ಮರೂನು, ದಾಳಿಂಬ್ರಿ ಎಂದು ಸಾಲುಸಾಲು. ಬಂದ ಹೆಣ್ಣುಮಕ್ಕಳು ಸೀರೆಯ ಸೆರಗನ್ನು ಥಾನಿನ ಮೇಲೆ ಇಟ್ಟು ಸರಿ ಎನ್ನುತ್ತಾರೆ, ಮರುಕ್ಷಣವೇ ಅನುಮಾನ ಬಂದು, "ಅಣ್ಣಾರ, ಹೊರಗ ಬೆಳಕಿನ್ಯಾಗ ಒಯ್ದು ನೋಡ್ಲೇನ್ರಿ?" ಎನ್ನುತ್ತಾರೆ. "ನೋಡ್ರಿ ಅಕ್ಕಾರ" ಎನ್ನದೆ ನನಗೆ ಗತಿಯಿಲ್ಲ. ಬಾಗಿಲ ಹತ್ತಿರ ಹೋದದ್ದೇ ತಡ, ಒಳಗೆ ಜೋಡಿಯಾಗಿದ್ದ ಎರಡು ಮರೂನು ಅಲ್ಲಿ ಬೇರೆಬೇರೆ. ಒಂದರಲ್ಲಿ ನೇರಳೆಯ ಛಾಯೆ, ಇನ್ನೊಂದರಲ್ಲಿ ಕಂದು.

ಇದು ಕಣ್ಣಿನ ಭ್ರಮೆಯಲ್ಲ. ಬಟ್ಟೆಯ ಬಣ್ಣವೆಂದರೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ನುಂಗಿದ್ದು ಹೋಗಿ ಉಳಿದದ್ದು. ಸೀರೆಗೆ ಹಾಕಿದ ರಾಸಾಯನಿಕ ಬಣ್ಣ ಬೇರೆ, ರವಿಕೆಗೆ ಹಾಕಿದ್ದು ಬೇರೆ. ಒಂದು ಬೆಳಕಿನಲ್ಲಿ ಎರಡರ ಉಳಿಕೆಯೂ ಕಣ್ಣಿಗೆ ಒಂದೇ ಆಗಿ ಕಾಣಬಹುದು. ಬೆಳಕು ಬದಲಾದರೆ ಜೋಡಿ ಮುರಿಯುತ್ತದೆ. ಬಿಸಿಲಿನಲ್ಲಿ ಎಲ್ಲ ಬಣ್ಣಗಳ ಕಿರಣಗಳೂ ಒಟ್ಟಿಗೆ ಇರುತ್ತವೆ. ಅಗ್ಗದ ಎಲ್‌ಇಡಿ ಬಲ್ಬಿನಲ್ಲಿ ಕಡುಗೆಂಪಿನ ಪಾಲು ಕಡಿಮೆ. ಹಾಗಾಗಿ ಅದರ ಕೆಳಗೆ ಮರೂನು ಕಂದಿ ಕಾಣುತ್ತದೆ, ಮನುಷ್ಯರ ಮುಖವೂ ಕಂದಿ ಕಾಣುತ್ತದೆ. ಮೊದಲು ನಮ್ಮಲ್ಲಿ ಕನ್ನಡಿಯ ಮೇಲೆ ಅಂಥದ್ದೇ ಬಲ್ಬಿತ್ತು. ಸೀರೆ ಹೆಗಲಿಗೆ ಹಾಕಿಕೊಂಡು ನಿಂತವರು, "ಯಾಕೋ ನನಗ ಒಪ್ಪವಲ್ದು" ಎಂದು ತೆಗೆದಿಡುತ್ತಿದ್ದರು. ಬಲ್ಬು ಬದಲಾಯಿಸಿದ ಮೇಲೆ ಅದೇ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಯಿತು, ನಗುವೂ ಹೆಚ್ಚಾಯಿತು. ಬಟ್ಟೆ ಅದೇ, ಮುಖ ಅದೇ.

ನಿಮ್ಮ ರೂಮಿನ ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ ಇದೆಯೋ ನೋಡಿ, ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸರಿಯಾಗಿ ಕಾಣುತ್ತವೆ ಎಂಬುದರ ಲೆಕ್ಕ ಅದು. ಪೂರ್ಣಾಂಕ 100. ಸಾಮಾನ್ಯ ಬಲ್ಬುಗಳದು 80ರ ಆಸುಪಾಸು, 90 ದಾಟಿದರೆ ಬಣ್ಣಗಳು ತಮ್ಮ ನಿಜರೂಪದ ಹತ್ತಿರ ಬರುತ್ತವೆ. ಮೊದಲು ರಸ್ತೆಗಳಲ್ಲಿ ಉರಿಯುತ್ತಿದ್ದ ಹಳದಿ ಸೋಡಿಯಂ ದೀಪಗಳದು 25ರ ಸುಮಾರು. ಆ ದೀಪದ ಕೆಳಗೆ ನಿಲ್ಲಿಸಿದ ಹಸಿರು ಗಾಡಿಗೂ ನೀಲಿ ಗಾಡಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆದರೂ ಆ ಮಂದ ಹಳದಿಯಲ್ಲಿ ಮಿರ್ಚಿ ಬಂಡಿಯ ಮುಂದೆ ನಿಂತರೆ ಹಿತವಾಗಿತ್ತು. ಈಗಿನ ಬಿಳಿ ದೀಪದಲ್ಲಿ ಎಲ್ಲವೂ ಸ್ಪಷ್ಟ, ಹಿತ ಮಾತ್ರ ಕಡಿಮೆ. ಬಣ್ಣ ಸರಿಯಾಗಿ ಕಾಣುವುದಕ್ಕೂ ಮನಸ್ಸಿಗೆ ಚೆನ್ನಾಗಿರುವುದಕ್ಕೂ ನೇರ ಸಂಬಂಧವಿಲ್ಲ, ಇದೂ ನೆನಪಿರಲಿ.

ಇನ್ನು ಮಗ್ಗುಲ ಮಾತು. ಸೀರೆ ಅಂಗಡಿಯಲ್ಲಿ ಗಾದಿಗೆ ಯಾವಾಗಲೂ ಬಿಳಿ ಹೊದಿಕೆ ಹಾಸಿರುತ್ತಾರೆ, ಗಮನಿಸಿದ್ದೀರಾ? ಅದು ಬರೀ ಮಡಿಗಾಗಿ ಅಲ್ಲ. ಒಂದರ ಹಿಂದೊಂದು ಕೆಂಪು ಸೀರೆ ಬಿಚ್ಚಿ ತೋರಿಸಿದರೆ ನೋಡುವವರ ಕಣ್ಣು ಕೆಂಪಿಗೆ ದಣಿಯುತ್ತದೆ, ಆರನೆಯ ಸೀರೆ ಎಷ್ಟೇ ಚಂದ ಇದ್ದರೂ ಸಪ್ಪೆ. ನಡುವೆ ಬಿಳಿಯ ಮೇಲೆ ಕಣ್ಣು ಆಡಿದರೆ ಅಲ್ಲಿ ತಿಳಿಹಸಿರಿನ ಮಚ್ಚೆ ತೇಲಿ ಮಾಯವಾಗುತ್ತದೆ, ಕಣ್ಣು ಹಗುರಾಗುತ್ತದೆ. ಆಪರೇಷನ್ ಕೋಣೆಯಲ್ಲಿ ಡಾಕ್ಟರುಗಳು ಹಸಿರು, ನೀಲಿ ಬಟ್ಟೆ ತೊಡುವುದರ ಹಿಂದೆಯೂ ಇದೇ ಲೆಕ್ಕ ಇದೆ. ಹೊತ್ತುಗಟ್ಟಲೆ ರಕ್ತ ನೋಡಿದ ಕಣ್ಣಿಗೆ ಆ ಬಣ್ಣ ವಿಶ್ರಾಂತಿ.

ಪ್ಯಾರಿಸ್ಸಿನ ಗೋಬಲಿನ್ ನೇಯ್ಗೆ ಕಾರ್ಖಾನೆಯಲ್ಲಿ 1824ರಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥನಾದ ಶೆವ್ರೂಲ್ ಎಂಬ ರಸಾಯನಶಾಸ್ತ್ರಜ್ಞನಿಗೆ ಒಂದು ದೂರು ಬಂತು: ಕಪ್ಪು ನೂಲಿನಲ್ಲಿ ಕಸುವಿಲ್ಲ. ಆತ ಬೇರೆ ಕಡೆಯ ಕಪ್ಪು ನೂಲು ತರಿಸಿ ಹೋಲಿಸಿದ. ನೂಲಿನಲ್ಲಿ ದೋಷವಿರಲಿಲ್ಲ. ನೀಲಿ, ನೇರಳೆಯ ಮಗ್ಗುಲಿಗೆ ನೇಯ್ದದ್ದರಿಂದ ಕಪ್ಪು ಸೊರಗಿದಂತೆ ಕಾಣುತ್ತಿತ್ತು. ಈ ಕಥೆ ಓದಿದಾಗ ನನಗೆ ನಗು ಬಂತು, ನಮ್ಮ ಅಂಗಡಿಗೆ ವಾಪಸು ಬರುವ ತುಂಡುಗಳಲ್ಲಿ ಅರ್ಧದ ಕಥೆ ಇದೇ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಬೀದರಿಗೆ ಹೋಗಿ, ಬಿದರಿ ಕೆಲಸದವರ ಅಂಗಡಿಯಲ್ಲಿ ಸ್ವಲ್ಪ ಹೊತ್ತು ಕೂಡಿ. ಸತುವಿಗೆ ಒಂದಿಷ್ಟು ತಾಮ್ರ ಸೇರಿಸಿ ಎರಕ ಹೊಯ್ದ ಬಟ್ಟಲು. ಅದರ ಮೇಲೆ ಗೆರೆ ಕೊರೆದು, ಬೆಳ್ಳಿ ತಂತಿ ಕೂರಿಸಿ, ಉಜ್ಜಿ ನಯ ಮಾಡಿದ ಹೊತ್ತಿನಲ್ಲಿ ನೋಡಿದರೆ ಬೆಳ್ಳಿ ಎಲ್ಲಿದೆಯೆಂದು ಹುಡುಕಬೇಕು. ಬೆಳ್ಳಗಿನ ಸತುವಿನಲ್ಲಿ ಬೆಳ್ಳಗಿನ ಬೆಳ್ಳಿ ಕಲೆತುಹೋಗಿರುತ್ತದೆ. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಎಂಬ ಲವಣ, ನೀರು ಕಲಸಿ, ಬಟ್ಟಲನ್ನು ಬಿಸಿ ಮಾಡಿ ಅದಕ್ಕೆ ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ತೊಳೆದು ಎಣ್ಣೆ ಸವರಿದರೆ ಬಳ್ಳಿ, ಹೂವು ಎಲ್ಲ ಎದ್ದು ಬರುತ್ತವೆ. ಬೆಳ್ಳಿಗೆ ಯಾರೂ ಹೊಳಪು ಸೇರಿಸಲಿಲ್ಲ, ಸುತ್ತಲಿನದನ್ನು ಕಪ್ಪು ಮಾಡಿದರು, ಅಷ್ಟೆ.

ನಿಮ್ಮ 'ಬಣ್ಣವಿಲ್ಲದ ಊರಿಗೆ' ಬರುತ್ತೇನೆ. ಮಲೆನಾಡಿನಲ್ಲಿ ಹಸಿರು ಎಲ್ಲವನ್ನೂ ಮುಚ್ಚಿರುತ್ತದೆ, ಕಣ್ಣು ಹುಡುಕಬೇಕಾಗಿಲ್ಲ. ಇಲ್ಲಿ ತಳದಲ್ಲಿರುವುದು ಎರೆಮಣ್ಣಿನ ಕಪ್ಪು, ಅದರ ಮೇಲೆ ಬಣ್ಣ ಪಾಳಿಯಲ್ಲಿ ಬರುತ್ತದೆ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಸೇಡಂ ರಸ್ತೆಯಲ್ಲಿ ಬಸ್ಸಿನ ಕಿಟಕಿಗೆ ಕೂತು ಹೋಗಿ ನೋಡಿ, ತೊಗರಿ ಹೂಬಿಟ್ಟಿರುತ್ತದೆ. ಒಂದೊಂದು ಹೂವು ಉಗುರಿನಷ್ಟು, ಆದರೆ ಕಪ್ಪು ನೆಲದ ಮೇಲೆ ಆ ಹಳದಿಗೆ ಬರುವ ಕಳೆ ಹಸಿರು ಗದ್ದೆಯ ನಡುವೆ ಬರಲಾರದು. ಚಳಿಗಾಲ ಮುಗಿಯುವ ಮುಂಚೆ ಕುಸುಬೆ, ಮೊದಲು ಹಳದಿ, ಬಾಡುತ್ತಾ ಕೆಂಪು ಕೇಸರಿ. ಫೆಬ್ರವರಿ, ಮಾರ್ಚಿನಲ್ಲಿ ಚಿಂಚೋಳಿ ಕಾಡಿನ ಮುತ್ತುಗ, ಒಂದೂ ಎಲೆಯಿಲ್ಲದ ಮರದಲ್ಲಿ. ಯಾದಗಿರಿ ಕಡೆ ನಾರಾಯಣಪುರ ಕಾಲುವೆಯ ನೀರು ಮುಟ್ಟಿದ ಹೊಲ ಭತ್ತದ ಹಸಿರು, ಮುಟ್ಟದ ಹೊಲ ಒಣಕಪ್ಪು, ನಡುವೆ ಒಂದು ಬದು. ಆ ಬದುವಿನ ಎರಡೂ ಕಡೆಯ ಮನೆಗಳ ಮೂಡು ಒಂದೇ ಆಗಿರುವುದಿಲ್ಲ, ಆದರೆ ಅದಕ್ಕೆ ಕಾರಣ ಬಣ್ಣವಲ್ಲ, ನೀರು. ಎಲ್ಲವನ್ನೂ ಬಣ್ಣದ ಲೆಕ್ಕಕ್ಕೆ ಬರೆಯಬಾರದು ಎನ್ನುವುದಕ್ಕೇ ಇದನ್ನು ಹೇಳಿದೆ.

ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರದ ಮೈಲಾರಲಿಂಗನ ಜಾತ್ರೆಗೆ ಹೋದರೆ ಹಳದಿಯ ಇನ್ನೊಂದು ಅವತಾರ. ಎಸೆದ ಭಂಡಾರ, ಅಂದರೆ ಅರಿಶಿನದ ಪುಡಿ, ಗಾಳಿಯಲ್ಲಿ ತೇಲಿ, ಕಲ್ಲಿನ ಮೇಲೆ, ತಲೆಗಳ ಮೇಲೆ ಬಿದ್ದು, ಅದರಿಂದ ಪುಟಿದ ಬೆಳಕಿಗೆ ಬಿಳಿ ಅಂಗಿಯ ನೆರಳೂ ಹಳದಿ.

ಬೂದು ಎಂದಿರಲ್ಲ, ಅದರಲ್ಲಿ ಅರ್ಧ ಶಹಾಬಾದ್ ಕಲ್ಲಿನ ಪಾಲು. ಅಂಗಳ, ನೆಲ, ಅಡುಗೆಕಟ್ಟೆ, ಎಲ್ಲ ಅದೇ ಸುಣ್ಣದಕಲ್ಲಿನ ಪರಸಿ, ಅಂದರೆ ಹಾಸುಗಲ್ಲು. ಒಣಗಿದ್ದಾಗ ಅದರ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಅದಕ್ಕೇ ಮಂಕು. ಒಂದು ಕೊಡ ನೀರು ಚೆಲ್ಲಿ ನೋಡಿ, ಚದುರುವುದು ಕಡಿಮೆಯಾಗಿ ಒಳಗಿನ ನೀಲಿ, ಹಸಿರು, ಒಮ್ಮೊಮ್ಮೆ ಹಳದಿಯ ಎಳೆ ಕಾಣುತ್ತದೆ. ಬೇಸಿಗೆ ಸಂಜೆ ಅಂಗಳಕ್ಕೆ ನೀರು ಹೊಡೆಯುವುದು ತಂಪಿಗೆ ಎನ್ನುತ್ತೇವೆ, ಕಣ್ಣಿಗೂ ಅಷ್ಟೇ ತಂಪು.

ಇನ್ನರ್ಧ ಹೊತ್ತಿನ ಪಾಲು. ನೀವು ಬಂದದ್ದು ಏಪ್ರಿಲ್‌ನಲ್ಲಿ. ಮೇ 9, 10ರ ಸುಮಾರಿಗೆ ನಮ್ಮೂರಲ್ಲಿ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ, ನೆರಳು ಕಾಲಡಿ ಸೇರಿಬಿಡುತ್ತದೆ. ನೆರಳಿಲ್ಲದಿದ್ದರೆ ಗೋಡೆಗೆ ಆಳವಿಲ್ಲ, ಮರಕ್ಕೆ ಮೈಯಿಲ್ಲ. ಮೇಲೆ ಧೂಳಿನಿಂದ ಬೆಳ್ಳಗಾದ ಆಕಾಶ. ಬಣ್ಣ ಇದ್ದಲ್ಲೇ ಇರುತ್ತದೆ, ಅದನ್ನು ಎತ್ತಿ ತೋರಿಸುವ ನೆರಳು ರಜೆಯಲ್ಲಿರುತ್ತದೆ. ಅದೇ ರಸ್ತೆಯನ್ನು ಬೆಳಿಗ್ಗೆ ಏಳಕ್ಕೆ ನೋಡಿ.

ಬಣ್ಣವಿಲ್ಲದೆ ಬೆಳಕೊಂದೇ ಏನು ಮಾಡಬಲ್ಲದು ಎಂದು ತಿಳಿಯಲು ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ. 1367ರದ್ದು. ಇಂಥ ಮಸೀದಿಗಳಲ್ಲಿ ಸಾಮಾನ್ಯವಾಗಿ ಇರುವ ತೆರೆದ ಅಂಗಳ ಇಲ್ಲಿಲ್ಲ, ಪೂರ್ತಿ ಗುಮ್ಮಟಗಳ ಸೂರು. ಬೆಳಕು ಪಕ್ಕದ ಅಗಲ ಕಮಾನುಗಳಿಂದ ಅಡ್ಡಡ್ಡ ಬರಬೇಕು. ಹಾಗಾಗಿ ಒಂದು ಕಂಬದ ಒಂದು ಮುಖ ಬೆಳ್ಳಗೆ, ಇನ್ನೊಂದು ಬೂದು, ಅದರಾಚೆಯದು ಇನ್ನೂ ಗಾಢ. ಸುಣ್ಣದ ಗಾರೆ ಬಿಟ್ಟರೆ ಹೇಳಿಕೊಳ್ಳುವ ಬಣ್ಣವೇ ಇಲ್ಲ. ಆದರೆ ಒಳಗೆ ಹೋದವರ ದನಿ ತಾನಾಗಿ ತಗ್ಗುತ್ತದೆ, ಹುಡುಗರೂ ಓಡುವುದು ಬಿಟ್ಟು ನಡೆಯುತ್ತಾರೆ. ಬೂದು ಎಂದರೆ ಬೇಸರ ಎನ್ನುವ ನಿಮ್ಮ ಲೆಕ್ಕವನ್ನು ಅಲ್ಲಿ ಒಂದು ತಾಸು ಕೂತು ಪರೀಕ್ಷಿಸಿ.

ಸಂಜೆಯ ಬೇಸರಕ್ಕೆ ಕಣ್ಣಿನದೇ ಒಂದು ಕಾರಣವೂ ಇದೆ. ಬೆಳಕು ಇಳಿದಂತೆ ಬಣ್ಣ ಗುರುತಿಸುವ ಕೋಶಗಳು ಹಿಂದೆ ಸರಿದು, ಕತ್ತಲಲ್ಲಿ ಕೆಲಸ ಮಾಡುವ ಕೋಶಗಳು ಮುಂದೆ ಬರುತ್ತವೆ. ಇವಕ್ಕೆ ಕೆಂಪು ಕಾಣದು. ಹಾಗಾಗಿ ದೀಪ ಹಚ್ಚುವ ಹೊತ್ತಿನಲ್ಲಿ ದಾಸವಾಳ ಕಪ್ಪಾಗುತ್ತದೆ, ಅದರ ಎಲೆ ಇನ್ನೂ ಹೊಳೆಯುತ್ತಿರುತ್ತದೆ. 19ನೇ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಚೆಕ್ ವಿಜ್ಞಾನಿ ಗುರುತಿಸಿದ್ದು ಇದನ್ನೇ. ಮುಸ್ಸಂಜೆಯಾದ ಮೇಲೆ ನಾನು ಯಾರಿಗೂ ಬಾಗಿಲ ಬೆಳಕಿನಲ್ಲಿ ಕೆಂಪು ಜೋಡಿಸಿ ಕೊಡುವುದಿಲ್ಲ.

ಈಗ ನಿಮ್ಮ ರೂಮು. ನೀವು ಬರೆದಂತೆ ಬಿಸಿಲಿಗೆ ಹೆದರಿ ಕಿಟಕಿಗೆ ದಪ್ಪ ಪರದೆ, ಸೂರಿನ ಹತ್ತಿರ ಒಂದೇ ಬಿಳಿ ಟ್ಯೂಬು, ಹಗಲೆಲ್ಲ ಆಫೀಸಿನ ಒಳಗೆ. ಅಂದರೆ ಹಗಲಿಗೆ ಸಿಗಬೇಕಾದ ಬೆಳಕು ನಿಮಗೆ ಹಗಲಲ್ಲಿ ಸಿಗುತ್ತಿಲ್ಲ, ರಾತ್ರಿ ಬೇಡದ ಬೆಳಕು ಸಿಗುತ್ತಿದೆ. ಬೆಳಕಿನ ಪ್ರಮಾಣವನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ: ಆಫೀಸಿನೊಳಗೆ 300ರಿಂದ 500 ಲಕ್ಸ್ ಇರುತ್ತದೆ, ಹೊರಗೆ ಮರದ ನೆರಳಿನಲ್ಲೇ ಸಾವಿರಗಟ್ಟಲೆ, ನೇರ ಬಿಸಿಲಿನಲ್ಲಿ ಲಕ್ಷದ ಹತ್ತಿರ. ಕಣ್ಣಿನೊಳಗೆ ನೋಡುವುದಕ್ಕಲ್ಲದೆ ದೇಹಕ್ಕೆ ಹೊತ್ತು ತಿಳಿಸುವುದಕ್ಕೆಂದೇ ಕೆಲವು ಕೋಶಗಳಿವೆ, ಅವು 480 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕಿಗೆ ಹೆಚ್ಚು ಓಗೊಡುತ್ತವೆ. ಬೆಳಿಗ್ಗೆ ಅವಕ್ಕೆ ಬೆಳಕು ಬೇಕು, ಮಲಗುವ ಮುಂಚೆ ಬೇಡ. ಬೆಳಿಗ್ಗೆ ಅರ್ಧ ತಾಸು ಹೊರಗೆ ನಡೆಯಿರಿ, ಕೂಲಿಂಗ್ ಗ್ಲಾಸ್ ಬೇಡ. ರಾತ್ರಿ ಆ ಟ್ಯೂಬು ಆರಿಸಿ, 2700ರಿಂದ 3000 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹಳದಿ) ಎರಡು ಹಳದಿ ದೀಪಗಳನ್ನು ಕೂತಾಗ ಹೆಗಲಿನ ಮಟ್ಟಕ್ಕೆ ಬರುವಂತೆ ಇಟ್ಟುಕೊಳ್ಳಿ. ಬೆಳಕು ಮೇಲಿನಿಂದ ಸುರಿದರೆ ಕಣ್ಣಿನ ಕೆಳಗೆ ನೆರಳು ಬಿದ್ದು ಕನ್ನಡಿಯಲ್ಲಿ ನೀವೇ ರೋಗಿಷ್ಟರಂತೆ ಕಾಣುತ್ತೀರಿ.

ಕೆಂಪೆಂದರೆ ಸಿಟ್ಟು, ನೀಲಿಯೆಂದರೆ ಶಾಂತಿ ಎನ್ನುವ ಪಟ್ಟಿಗಳನ್ನು ನಂಬಿ ದುಡ್ಡು ಹಾಕಬೇಡಿ. 1979ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನೌಕಾಪಡೆಯ ಜೈಲಿನ ಕೋಣೆಗೆ ಗುಲಾಬಿ ಬಣ್ಣ ಹೊಡೆದು ಕೈದಿಗಳು ಶಾಂತರಾದರು ಎಂದು ದೊಡ್ಡ ಸುದ್ದಿಯಾಯಿತು. ಆಮೇಲೆ ಎಚ್ಚರಿಕೆಯಿಂದ ಮಾಡಿದ ಪ್ರಯೋಗಗಳಲ್ಲಿ ಆ ಪರಿಣಾಮ ಸಿಗಲಿಲ್ಲ. ನಮ್ಮಲ್ಲಂತೂ ಕೆಂಪು, ಹಸಿರು ಬಳೆ ನೋಡಿ ಸಿಟ್ಟಾದವರನ್ನು ನಾನು ಕಂಡಿಲ್ಲ.

ಫೋಟೋ ತೆಗೆಯುತ್ತೇನೆ ಎಂದೂ ಬರೆದಿದ್ದೀರಿ. ಮೊಬೈಲಿನ ಆಟೋ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗಿಯೇ ಕಾಣಲೆಂದು ಫೋಟೋದ ಬಣ್ಣವನ್ನು ತಾನಾಗಿ ತಿದ್ದುವ ವ್ಯವಸ್ಥೆ, ಸಂಜೆಯ ಹಳದಿಯನ್ನು ದೋಷವೆಂದು ತಿಳಿದು ತೊಳೆದುಹಾಕುತ್ತದೆ. ಪ್ರೊ ಮೋಡಿನಲ್ಲಿ ಅದನ್ನು ಡೇಲೈಟಿಗೆ ಕಟ್ಟಿಹಾಕಿ, ಒಂದೇ ಗೋಡೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತೆಗೆಯಿರಿ. ಗೋಡೆಗೆ ಯಾವ ಬಣ್ಣ ಬೇಕೆಂಬ ಪ್ರಶ್ನೆಗೂ ಅಲ್ಲೇ ಉತ್ತರ ಸಿಗಬಹುದು. ಸಿಗದಿದ್ದರೆ ಬಿಳಿ ಸುಣ್ಣ ಹೊಡೆಸಿ, ಚೂರೇ ಚೂರು ನೀಲಿ ಬೆರೆಸಿ. ಸುಣ್ಣದ ಹಳದಿ ಛಾಯೆಯನ್ನು ನೀಲಿ ಅಳಿಸುತ್ತದೆ, ಗೋಡೆ ಬೆಳಗಿನ ಬೆಳಕನ್ನೂ ರಾತ್ರಿಯ ಹಳದಿ ದೀಪವನ್ನೂ ಇದ್ದಂತೆಯೇ ಹಿಡಿಯುತ್ತದೆ, ಮನೆ ಮಾಲೀಕರೂ ತಕರಾರು ಮಾಡುವುದಿಲ್ಲ. ಇಷ್ಟಾದ ಮೇಲೂ ಬೇಸರ ವಾರಗಟ್ಟಲೆ ಬಿಡದೆ ನಿದ್ದೆ, ಊಟ ಕೆಟ್ಟರೆ ಅದನ್ನು ಬಲ್ಬಿನ ಮೇಲೆ ಹಾಕದೆ ಡಾಕ್ಟರನ್ನು ಕಾಣಿ.

ದೀಪ ಕೊಳ್ಳುವಾಗ ಅಂಗಡಿಯಲ್ಲೇ ಹಚ್ಚಿಸಿ, ಅದರ ಕೆಳಗೆ ನಿಮ್ಮ ಅಂಗೈ ಹಿಡಿದು ನೋಡಿ. ಅಂಗೈ ಕಂದಿದಂತೆ ಕಂಡರೆ ಎಷ್ಟೇ ಅಗ್ಗವಿದ್ದರೂ ಅದು ಬೇಡ, ಬೇರೆ ತೋರಿಸಿ ಎನ್ನಿ.