ಮಾಲ್ಡೀವ್ಸ್ ಪ್ರವಾಸ: ಕೋಣೆಗಿಂತ ಮೊದಲು ದೋಣಿ ನೋಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಮಾಲ್ಡೀವ್ಸ್ ಬಗ್ಗೆಯೇ ಇವೆ. ಹಾಗಾಗಿ ಪೂರ್ತಿ ಅಂಕಣವನ್ನು ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಂಡರೆ ಒಳ್ಳೆಯದು.

ಪ್ರಶ್ನೆ: ನಾವಿಬ್ಬರು, ಎಂಟು ವರ್ಷದ ಮಗಳು ಮತ್ತು ಎಪ್ಪತ್ತು ದಾಟಿದ ಅತ್ತೆ ಹೋಗುತ್ತಿದ್ದೇವೆ. ಆರು ದಿನದಲ್ಲಿ ಮೂರು ದ್ವೀಪ ನೋಡುವ ಆಸೆ. ಮೊದಲ ಎರಡು ರಾತ್ರಿಗೆ ವಾಟರ್ ವಿಲ್ಲಾ (ಸಮುದ್ರದ ನೀರಿನ ಮೇಲೇ ಕಟ್ಟಿದ ಮನೆ) ಇರುವ ಒಂದು ರೆಸಾರ್ಟ್ ನೋಡಿಟ್ಟಿದ್ದೇವೆ, ಅಲ್ಲಿಗೆ ನೀರಿನ ಮೇಲಿಳಿಯುವ ಪುಟ್ಟ ವಿಮಾನವಾದ ಸೀಪ್ಲೇನ್‌ನಲ್ಲಿ ಹೋಗಬೇಕಂತೆ. ನಮ್ಮ ವಿಮಾನ ಸಂಜೆ 4.30ಕ್ಕೆ ಇಳಿಯುತ್ತದೆ. ಹಣ ಕಟ್ಟಬಹುದೇ?

ಸ್ವಲ್ಪ ತಡೆಯಿರಿ. ನಿಮ್ಮ ವಿಮಾನಕ್ಕೂ ನಿಮ್ಮ ರೆಸಾರ್ಟಿಗೂ ಹೊಂದಿಕೆಯಾಗುತ್ತಿಲ್ಲ.

ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಮಾಲ್ಡೀವ್ಸ್ ಭೂಮಧ್ಯರೇಖೆಗೆ ಅಂಟಿಕೊಂಡಂತಿರುವ ದೇಶ. ವರ್ಷವಿಡೀ ಸಂಜೆ ಆರರ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ನೀವು 4.30ಕ್ಕೆ ಇಳಿದು, ಪಾಸ್‌ಪೋರ್ಟ್ ತೋರಿಸಿ, ಬ್ಯಾಗ್ ಎತ್ತಿಕೊಂಡು ಹೊರಗೆ ಬರುವಷ್ಟರಲ್ಲಿ ಆ ದಿನದ ಹಾರಾಟ ಮುಗಿದಿರುತ್ತದೆ. ಆ ರಾತ್ರಿ ರಾಜಧಾನಿ ಮಾಲೆಯಲ್ಲೋ ಪಕ್ಕದ ಹುಳುಮಾಲೆಯಲ್ಲೋ ಉಳಿಯಬೇಕು. ರೆಸಾರ್ಟ್ ಅದೇ ರಾತ್ರಿಯಿಂದ ಬುಕ್ ಆಗಿದ್ದರೆ ಒಂದೇ ರಾತ್ರಿಗೆ ಎರಡು ಕಡೆ ದುಡ್ಡು ಹೋಗುತ್ತದೆ. ವಾಪಸ್ ಬರುವ ದಿನವೂ ಇದೇ ಲೆಕ್ಕ. ಬೆಳಗಿನ ವಿಮಾನವಿದ್ದರೆ ಹಿಂದಿನ ಸಂಜೆಯೇ ದ್ವೀಪ ಬಿಡಬೇಕಾಗಬಹುದು.

ಜಾಸ್ತಿ ಜನ ಮೊದಲು ಕೋಣೆಯ ಫೋಟೋ ನೋಡಿ ಮನಸ್ಸು ಕೊಟ್ಟುಬಿಡುತ್ತಾರೆ. ಆಮೇಲೆ ಅಲ್ಲಿಗೆ ಹೋಗೋದು ಹೇಗೆ ಎಂದು ಕೇಳುತ್ತಾರೆ. ಬೇರೆ ದೇಶದಲ್ಲಿ ಇದು ನಡೆದೀತು. ಇಲ್ಲಿರುವುದು ಸುಮಾರು 1,200 ಪುಟ್ಟ ದ್ವೀಪಗಳು. ಉತ್ತರದಿಂದ ದಕ್ಷಿಣಕ್ಕೆ 800 ಕಿಲೋಮೀಟರಿಗೂ ಹೆಚ್ಚು ದೂರ ಚದುರಿವೆ. ಜನರ ಊರುಗಳಿರುವುದು 200ರ ಆಸುಪಾಸು ದ್ವೀಪಗಳಲ್ಲಿ. ರೆಸಾರ್ಟ್ ಎಂದರೆ ಸಾಮಾನ್ಯವಾಗಿ ಒಂದು ಇಡೀ ದ್ವೀಪ. ಒಮ್ಮೆ ಹೋದರೆ ಊಟ, ಓಡಾಟ ಎಲ್ಲಾ ಅವರದ್ದೇ. ಒಂದು ದ್ವೀಪದಿಂದ ಇನ್ನೊಂದಕ್ಕೆ ನೇರ ದಾರಿ ಇರುವುದು ಕಡಿಮೆ. ಹೆಚ್ಚಿನ ಸಲ ಮಾಲೆಗೆ ವಾಪಸ್ ಬಂದೇ ಮುಂದೆ ಹೋಗಬೇಕು. ಆರು ದಿನದಲ್ಲಿ ಮೂರು ದ್ವೀಪ ಅಂದರೆ ಅರ್ಧ ರಜೆ ಜೆಟ್ಟಿಯಲ್ಲಿ ಕಾಯುತ್ತಾ ಕಳೆದ ಹಾಗೆ. ಅದೂ ಅತ್ತೆಯವರನ್ನು ಕೂರಿಸಿಕೊಂಡು.

ನಾನು ಹೇಳುವುದಾದರೆ, ಒಂದೇ ದ್ವೀಪ, ತೀರಾ ಆದರೆ ಎರಡು. ಅದೂ ಸ್ಪೀಡ್‌ಬೋಟ್ ಹೋಗುವಷ್ಟು ಹತ್ತಿರದ ಮಾಲೆ ಅಟಾಲ್‌ಗಳಲ್ಲೇ (ಅಟಾಲ್ ಎಂದರೆ ಹವಳದ ದಿಬ್ಬದ ಉಂಗುರದಲ್ಲಿರುವ ದ್ವೀಪಗಳ ಗುಂಪು) ಇರಲಿ. ಅಲ್ಲಿನ ಹಲವು ರೆಸಾರ್ಟ್‌ಗಳು ಕತ್ತಲಾದ ಮೇಲೂ ದೋಣಿ ಕಳಿಸುತ್ತವೆ. ಹಣ ಕಟ್ಟುವ ಮೊದಲು ಅವರಿಂದ ಮೂರು ವಿಷಯ ಬರಹದಲ್ಲಿ ಪಡೆಯಿರಿ: ನಿಮ್ಮ ವಿಮಾನಕ್ಕೆ ಹೊಂದುವ ದೋಣಿ ಯಾವುದು, ಹೋಗಿಬರಲು ಒಬ್ಬರಿಗೆ ಎಷ್ಟು, ಮಗುವಿಗೆ ಎಷ್ಟು. ಸೀಪ್ಲೇನ್ ಆದರೆ ಒಬ್ಬರಿಗೆ ನೂರಾರು ಡಾಲರ್ ಆಗುತ್ತದೆ. ನಾಲ್ಕು ಜನರಿಗೆ ಗುಣಿಸಿ ನೋಡಿ, ಕೋಣೆಯ ಬಾಡಿಗೆಗೇ ಸಮವಾದೀತು.

ಅತ್ತೆಯವರನ್ನು ಸ್ಪೀಡ್‌ಬೋಟ್‌ನ ಹಿಂಭಾಗದಲ್ಲಿ ಕೂರಿಸಿ. ಅಲೆ ಇದ್ದಾಗ ಮುಂಭಾಗ ಎದ್ದೆದ್ದು ಬೀಳುತ್ತದೆ, ಸೊಂಟ ನೋವಿರುವವರಿಗೆ ಅದು ಹಿಂಸೆ. ವಾಟರ್ ವಿಲ್ಲಾವನ್ನೂ ಇನ್ನೊಮ್ಮೆ ಯೋಚಿಸಿ. ಅದರ ಮೆಟ್ಟಿಲು ನೇರ ಸಮುದ್ರಕ್ಕೆ ಇಳಿಯುತ್ತದೆ. ಚಿಕ್ಕ ಮಕ್ಕಳಿದ್ದರೆ ಕೆಲವು ರೆಸಾರ್ಟ್‌ಗಳು ಅದನ್ನು ಕೊಡುವುದೇ ಇಲ್ಲ. ಮರಳಿನ ಮೇಲಿನ ಬೀಚ್ ವಿಲ್ಲಾದಲ್ಲಿ ಅಜ್ಜಿ, ಮೊಮ್ಮಗಳು ಇಬ್ಬರೂ ನೆಮ್ಮದಿಯಾಗಿರುತ್ತಾರೆ.

ಇನ್ನೊಂದು ದಾರಿಯೂ ಇದೆ. ಮಾಫುಶಿಯಂಥ ಊರಿನ ದ್ವೀಪದಲ್ಲಿ ಗೆಸ್ಟ್‌ಹೌಸ್ ಹಿಡಿಯಿರಿ. ಅಲ್ಲಿಂದ ಒಂದು ದಿನದ ಪಾಸ್ ತೆಗೆದುಕೊಂಡು ಹತ್ತಿರದ ರೆಸಾರ್ಟಿಗೆ ಹೋಗಿ ಸಂಜೆ ವಾಪಸ್ ಬರಬಹುದು. ಊರಿನ ದ್ವೀಪವೂ ಆಯಿತು, ರೆಸಾರ್ಟೂ ಆಯಿತು, ಪೆಟ್ಟಿಗೆ ಒಂದೇ ಕಡೆ ಇರುತ್ತದೆ. ಮಾಫುಶಿಯಲ್ಲಿ ಗದ್ದಲ ಜಾಸ್ತಿ, ನಿಜ. ಶಾಂತಿ ಬೇಕಾದವರು ದಕ್ಷಿಣ ಆರಿ ಅಟಾಲ್‌ನ ಧಿಗುರಾ ನೋಡಬಹುದು. ಉದ್ದನೆಯ ಬಿಳಿ ಮರಳಿನ ತೀರ, ಪಕ್ಕದ ಸಮುದ್ರದಲ್ಲಿ ವರ್ಷವಿಡೀ ತಿಮಿಂಗಿಲ ಶಾರ್ಕ್ ಕಾಣುವ ಅವಕಾಶ. ಆದರೆ ಮಾಲೆಯಿಂದ ಸ್ಪೀಡ್‌ಬೋಟ್‌ನಲ್ಲೂ ಸುಮಾರು ಎರಡು ತಾಸಿನ ದಾರಿ. ನಿಮ್ಮ ಮನೆಯವರಿಗೆ ನಾನು ಆ ದ್ವೀಪ ಸೂಚಿಸಲಾರೆ.

ಅಗ್ಗದ ಸರ್ಕಾರಿ ಫೆರ್ರಿಯನ್ನು ನೆಚ್ಚುವವರು ಎರಡು ವಿಷಯ ನೆನಪಿಡಿ. ಅದು ಹೊರಡುವುದು ವಿಮಾನ ನಿಲ್ದಾಣದಿಂದಲ್ಲ, ಮಾಲೆ ಊರಿನಿಂದ. ಶುಕ್ರವಾರ ಅಲ್ಲಿ ವಾರದ ರಜೆ, ಬಹುತೇಕ ಫೆರ್ರಿಗಳು ಇರುವುದಿಲ್ಲ.

ಪ್ರಶ್ನೆ: ನಮಗೆ ರಜೆ ಸಿಗುವುದು ಜುಲೈನಲ್ಲಿ ಮಾತ್ರ. ಮಳೆಗಾಲ, ಹೋಗಬೇಡಿ ಅಂತ ಎಲ್ಲರೂ ಹೇಳುತ್ತಿದ್ದಾರೆ.

ಹೋಗಿ. ಆದರೆ ಏನು ನೋಡಲು ಹೋಗುತ್ತಿದ್ದೀರಿ ಎಂಬುದನ್ನು ಬದಲಿಸಿಕೊಳ್ಳಿ.

ಅಲ್ಲಿ ಎರಡು ಗಾಳಿಗಾಲ. ಈಶಾನ್ಯದಿಂದ ಬೀಸುವ ಇರುವೈ, ಸುಮಾರು ಜನವರಿಯಿಂದ ಏಪ್ರಿಲ್: ಒಣ ಹವೆ, ತಿಳಿ ನೀರು, ದುಬಾರಿ ಕೋಣೆ. ನೈಋತ್ಯದ ಹುಳಂಗು, ಮೇನಿಂದ ಅಕ್ಟೋಬರ್‌ವರೆಗೆ: ಮಳೆ, ಗಾಳಿ, ಎದ್ದ ಅಲೆ. ಬಾಡಿಗೆಯೂ ಇಳಿದಿರುತ್ತದೆ. ಕೆಲವೊಮ್ಮೆ ಜೋರು ಮಳೆ ಸುರಿದು ಒಂದೆರಡು ತಾಸಿನಲ್ಲಿ ಬಿಸಿಲು ಬರುತ್ತದೆ, ಕೆಲವೊಮ್ಮೆ ದಿನಗಟ್ಟಲೆ ಮೋಡ ಕವಿದೇ ಇರುತ್ತದೆ. ಎರಡಕ್ಕೂ ತಯಾರಾಗಿ ಹೋಗಬೇಕು.

ಆದರೆ ಇದೇ ಹುಳಂಗು ಕಾಲದಲ್ಲಿ ಬಾ ಅಟಾಲ್‌ನ ಹನಿಫಾರು ಕೊಲ್ಲಿಯಲ್ಲಿ ನಡೆಯುವುದನ್ನು ನೋಡಲು ಜಗತ್ತಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಗಾಳಿ ಮತ್ತು ಸಮುದ್ರದ ಸೆಳೆತ ಸೇರಿ, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಜೀವಿಗಳನ್ನು ಈ ಪುಟ್ಟ ಕೊಲ್ಲಿಯೊಳಕ್ಕೆ ತಳ್ಳುತ್ತವೆ. ಅವನ್ನು ತಿನ್ನಲು ಮಾಂಟಾ ರೇ ಮೀನುಗಳು ಗುಂಪುಗುಂಪಾಗಿ ಬರುತ್ತವೆ. ದೊಡ್ಡವುಗಳ ರೆಕ್ಕೆಯ ಅಗಲ ಮೂರು ಮೀಟರ್ ದಾಟುತ್ತದೆ. ಬಾಯಿ ತೆರೆದುಕೊಂಡು ಸುತ್ತು ಹಾಕುವಾಗ ನೀವು ಮೇಲೆ ತೇಲುತ್ತಾ ನೋಡಬಹುದು. ಬಾ ಅಟಾಲ್ 2011ರಿಂದ ಯುನೆಸ್ಕೋದ ಜೀವಗೋಳ ಮೀಸಲು ಪ್ರದೇಶ. ಈ ಕೊಲ್ಲಿಯಲ್ಲಿ ಸ್ಕೂಬಾ ಡೈವಿಂಗ್ ಮಾಡುವಂತಿಲ್ಲ, ಗೈಡ್ ಜೊತೆ ಸ್ನಾರ್ಕೆಲಿಂಗ್ (ಉಸಿರಾಟದ ಕೊಳವೆ ಕಚ್ಚಿಕೊಂಡು ಮೇಲೆ ತೇಲುತ್ತಾ ನೋಡುವುದು) ಮಾತ್ರ. ಮೀನನ್ನು ಮುಟ್ಟುವ ಹಾಗಿಲ್ಲ. ಈ ನಿಯಮ ಇರುವುದರಿಂದಲೇ ಅವು ಇನ್ನೂ ಅಲ್ಲಿಗೆ ಬರುತ್ತಿವೆ ಎಂದು ನನ್ನ ನಂಬಿಕೆ.

ಹತ್ತಿರದ ಊರು ಧರವಂಧೂ. ಅಲ್ಲೇ ವಿಮಾನ ನಿಲ್ದಾಣವಿದೆ, ಗೆಸ್ಟ್‌ಹೌಸ್‌ಗಳೂ ಇವೆ. ಮಳೆಗಾಲದಲ್ಲಿ ದೋಣಿಗಿಂತ ದೇಶದೊಳಗಿನ ವಿಮಾನವೇ ಹಿತ. ಕನಿಷ್ಠ ನಾಲ್ಕು ರಾತ್ರಿ ಇರಿ. ಮಾಂಟಾ ದಿನವೂ ಬರುವುದಿಲ್ಲ.

ಪ್ರಶ್ನೆ: ಗೆಸ್ಟ್‌ಹೌಸ್ ಕೋಣೆಗೆ ರಾತ್ರಿಗೆ 100 ಡಾಲರ್ ಅಂತ ತೋರಿಸುತ್ತಿದೆ. ಕೊನೆಗೆ ಎಷ್ಟಾಗುತ್ತದೆ?

ತೆರಿಗೆ ಸೇರಿಸದ ದರವಾಗಿದ್ದರೆ, ಇಬ್ಬರಿಗೆ ಸುಮಾರು 140 ಡಾಲರ್. 100ಕ್ಕೆ ಶೇ 10 ಸರ್ವಿಸ್ ಚಾರ್ಜ್, 110 ಆಯಿತು. ಅದರ ಮೇಲೆ ಶೇ 17 ಪ್ರವಾಸೋದ್ಯಮ ಜಿಎಸ್‌ಟಿ. 2025ರ ಜುಲೈನಿಂದ ಈ ದರ ಇದೆ. ಅಲ್ಲಿಗೆ 128.70. ಆಮೇಲೆ ಗ್ರೀನ್ ಟ್ಯಾಕ್ಸ್. ಊರಿನ ದ್ವೀಪದ ಚಿಕ್ಕ ಗೆಸ್ಟ್‌ಹೌಸ್‌ನಲ್ಲಿ ತಲೆಗೆ ರಾತ್ರಿಗೆ 6 ಡಾಲರ್, ರೆಸಾರ್ಟ್‌ನಲ್ಲಿ 12. ಇಬ್ಬರಿಗೆ 12 ಸೇರಿಸಿದರೆ 140.70. ದೋಣಿ ಖರ್ಚು ಬೇರೆ. ಊಟಕ್ಕೂ ಸರ್ವಿಸ್ ಚಾರ್ಜ್, ಜಿಎಸ್‌ಟಿ ಬೀಳುತ್ತದೆ. ಹಾಗಾಗಿ ರೆಸಾರ್ಟಿಗೆ ಹೋಗುವವರು ಊಟ ಸೇರಿದ ದರವನ್ನೇ ನೋಡಿ. ನಡುಗಡ್ಡೆಯಲ್ಲಿ ಪಕ್ಕದ ಹೋಟೆಲಿಗೆ ಎದ್ದು ಹೋಗೋಣ ಅಂದರೆ ಆಗುವುದಿಲ್ಲ, ಅಲ್ವಾ?

ಊರಿನ ದ್ವೀಪದಲ್ಲಿ ಚಹಾ, ತಿಂಡಿ, ಫೆರ್ರಿಗೆ ಸ್ವಲ್ಪ ರುಫಿಯಾ (ಅಲ್ಲಿನ ಹಣ) ಕೈಯಲ್ಲಿರಲಿ. ಡಾಲರಿಗೆ ಸುಮಾರು 15.42 ರುಫಿಯಾ.

ಪ್ರಶ್ನೆ: ನನಗೆ ಈಜು ಬರುವುದಿಲ್ಲ. ಅಷ್ಟು ಖರ್ಚು ಮಾಡಿ ಸುಮ್ನೆ ದಡದಲ್ಲಿ ಕೂರಬೇಕಾ?

ಖಂಡಿತ ಇಲ್ಲ. ನಿಮ್ಮಂಥವರಿಗೆ ದ್ವೀಪದ ಆಯ್ಕೆ ಇನ್ನೂ ಮುಖ್ಯ. ಹವಳದ ದಿಬ್ಬದ ಒಳಗೆ, ಸೊಂಟದ ಮಟ್ಟದ ಶಾಂತ ನೀರಿರುವ ಲಗೂನ್ ಇದೆಯೇ ಎಂದು ಕೇಳಿ. ಅಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಕೈ ಹಿಡಿದು, ಮುಖ ನೀರಿನಲ್ಲಿಟ್ಟು ಸ್ನಾರ್ಕೆಲ್ ಕೊಳವೆಯಿಂದ ಉಸಿರಾಡುವುದನ್ನು ಮೊದಲ ದಿನವೇ ಕಲಿಯಿರಿ. ಭಯ ಬಿಡಲು ಸಮಯ ಬೇಕು, ಅವಸರ ಮಾಡಬೇಡಿ. ಎರಡು ದಿಬ್ಬಗಳ ನಡುವೆ ಸಮುದ್ರ ನುಗ್ಗುವ ಕಾಲುವೆಯಂಥ ಜಾಗಕ್ಕೆ ಮಾತ್ರ ಹೋಗಬೇಡಿ, ಅಲ್ಲಿ ಸೆಳೆತ ಜೋರು. ಸುಸ್ತಾದಾಗ ಹವಳದ ಮೇಲೆ ಕಾಲೂರಬೇಡಿ. ಅದು ಕಲ್ಲಲ್ಲ, ಜೀವ ಇರುವಂಥದ್ದು. 1998 ಮತ್ತು 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಎಷ್ಟೋ ಹವಳ ಬಿಳಿಚಿ ಸತ್ತಿತು. ಉಳಿದದ್ದು, ಮತ್ತೆ ಚಿಗುರುತ್ತಿರುವುದು ನಮ್ಮ ಕಾಲಡಿ ಮುರಿಯಬಾರದು.

ಪ್ರಶ್ನೆ: ಪ್ರಯಾಣದಲ್ಲಿ ಪುಟ್ಟ ದೇವರ ವಿಗ್ರಹ ಜೊತೆಗಿರುತ್ತದೆ. ಒಯ್ಯಬಹುದೇ? ಬಟ್ಟೆ, ವೀಸಾ ಬಗ್ಗೆಯೂ ತಿಳಿಸಿ.

ಒಯ್ಯಬೇಡಿ. ಪೂಜೆಯ ವಿಗ್ರಹಗಳಿಗೆ ಅಲ್ಲಿನ ಕಸ್ಟಮ್ಸ್ ನಿಯಮದಲ್ಲಿ ಅವಕಾಶವಿಲ್ಲ. ಮದ್ಯ, ವೇಪ್ (ಇ-ಸಿಗರೇಟ್) ಕೂಡ ತರುವಂತಿಲ್ಲ. ಮದ್ಯ ರೆಸಾರ್ಟ್‌ಗಳಲ್ಲಿ ಸಿಗುತ್ತದೆ, ಊರಿನ ದ್ವೀಪಗಳಲ್ಲಿ ಇಲ್ಲ. ಊರಿನೊಳಗೆ ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಈಜುಡುಗೆಗೆ ಬಿಕಿನಿ ಬೀಚ್ ಎಂದು ಬೇರೆಯೇ ಜಾಗ ಗುರುತಿಸಿರುತ್ತಾರೆ. ಚಿಪ್ಪು, ಹವಳ ಆರಿಸಿ ತರಬೇಡಿ.

ಪ್ರವಾಸಿಗಳಿಗೆ ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತದೆ. ವಾಪಸ್ ಟಿಕೆಟ್ ಮತ್ತು ಉಳಿಯುವ ಜಾಗದ ಬುಕಿಂಗ್ ಕೈಯಲ್ಲಿರಲಿ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ಜಾಲತಾಣದಲ್ಲಿ ಪ್ರಯಾಣದ ವಿವರ ತುಂಬಬೇಕು, ವಾಪಸ್ ಬರುವಾಗಲೂ ಹಾಗೆಯೇ. ಅದಕ್ಕೆ ಶುಲ್ಕವಿಲ್ಲ. ಯಾವುದಾದರೂ ತಾಣ ಹಣ ಕೇಳಿದರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ.