‘ಮಗಾ’ ಅಂದರೆ ಯಾರ ಮಗ?

ಪ್ರಶ್ನೆ: ನನ್ನ ಮಗ ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಓದುತ್ತಿದ್ದಾನೆ. ರಜೆಗೆ ಬಂದವನು ಫೋನಿನಲ್ಲಿ ಗೆಳೆಯನಿಗೆ ‘ಏನ್ ಮಗಾ, ಊಟ ಆಯ್ತಾ ಮಗಾ’ ಅನ್ನುತ್ತಿದ್ದ. ಆ ಕಡೆಯಿಂದ ಇವನಿಗೂ ಮಗಾ! ನಡುವೆ ‘ಮಚ್ಚಾ’ ಬೇರೆ. ಅವರಪ್ಪ ಅದನ್ನು ಮಚ್ಚು ಅಂತ ಕೇಳಿಸಿಕೊಂಡು ಗಾಬರಿಯಾದರು. ಇದು ಬೈಗುಳವೋ ಪ್ರೀತಿಯೋ?
– ಒಬ್ಬ ತಾಯಿ, ಹಾವೇರಿ

ಉತ್ತರ: ಮೊದಲು ಯಜಮಾನರಿಗೆ ಧೈರ್ಯ ಹೇಳಿಬಿಡಿ, ಅದು ಮಚ್ಚು ಅಲ್ಲ. ತಮಿಳಿನಲ್ಲಿ ಅಕ್ಕನ ಗಂಡನಿಗೆ, ಹೆಂಡತಿಯ ಅಣ್ಣ ತಮ್ಮಂದಿರಿಗೆ ಮಚ್ಚಾನ್ ಅನ್ನುತ್ತಾರೆ, ಅದೇ ಬೆಂಗಳೂರಿನ ಹುಡುಗರ ಬಾಯಲ್ಲಿ ಮಚ್ಚಾ. ಭಾವ ಮೈದುನರ ನಡುವೆ ಕಾಲೆಳೆಯೋದು, ತಮಾಷೆ ಎಲ್ಲ ನಡೆಯುತ್ತದೆ ಅಲ್ವಾ, ಆ ಸಲಿಗೆ ಗೆಳೆಯರಿಗೂ ಬಂತು ಅಷ್ಟೇ.

ಮಗಾ ವಿಷಯ ಸ್ವಲ್ಪ ಬೇರೆ. ಮಂಡ್ಯ, ಮೈಸೂರು ಕಡೆ ಅಜ್ಜಿಯರು ಮೊಮ್ಮಗಳಿಗೂ ‘ಬಾ ಮಗ, ಉಣ್ಣು’ ಅನ್ನುತ್ತಾರೆ. ಅಲ್ಲಿ ಮಗ ಅಂದರೆ ಕೂಸು, ಗಂಡೋ ಹೆಣ್ಣೋ ಅನ್ನೋ ಲೆಕ್ಕ ಇಲ್ಲ. ಈಗ ಕಾಲೇಜು ಹುಡುಗಿಯರೂ ಒಬ್ಬರಿಗೊಬ್ಬರು ಮಗಾ ಅನ್ನೋದು ಕೇಳಿದರೆ ನನಗೆ ಆ ಅಜ್ಜಿಯರೇ ನೆನಪಾಗುತ್ತಾರೆ. ನೀವು ಕಿವಿಗೊಡಬೇಕಾದ್ದು ಮಾತಿನ ಬಾಲಕ್ಕೆ. ‘ಬಾ ಮಗಾ’ ಅಂದರೆ ಟೀ ಕುಡಿಯೋಕೆ ಕರೆದಂತೆ, ‘ಬಾ ಮಗನೇ’ ಅಂದರೆ ಹೊಡೆಯೋಕೆ ಕರೆದಂತೆ! ನಿಮ್ಮ ಕಡೆ ‘ಏನಲೇ ಮಗನ’ ಅಂದಾಗಲೂ ಅಂದವರು ಯಾರು ಅನ್ನೋದರ ಮೇಲೆ ನಗುವೋ ಜಗಳವೋ ತೀರ್ಮಾನ ಆಗೋದು, ಅದಕ್ಕೇ ನಿಮ್ಮ ಕಿವಿ ನಿಮಿರಿದೆ. ನಿಮ್ಮ ಹುಡುಗ ಹೇಳುತ್ತಿರೋದು ಮಗಾ. ಚಿಂತೆ ಬೇಡ.

ಪ್ರಶ್ನೆ: ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ನನ್ನನ್ನು ‘ಗುರು’ ಅಂತಾನೆ. ನನಗೆ 48. ಖುಷಿಪಡಲಾ?
– ಒಬ್ಬ ಓದುಗ, ತುಮಕೂರು

ಉತ್ತರ: ಅವನು ನಿಮ್ಮಿಂದ ಏನೂ ಕಲಿಯೋಕೆ ಬಂದಿಲ್ಲ ಸ್ವಾಮಿ. ಬಸ್ಸಿನಲ್ಲಿ ಗುರುತಿಲ್ಲದವರಿಗೂ ‘ಸ್ವಲ್ಪ ಜರುಗು ಗುರು’ ಅನ್ನೋದಿಲ್ವಾ, ಅದೇ ಗುರು ಇದು. ಗುರು ಆದಮೇಲೆ ‘ಬನ್ನಿ’ ಬಂದರೆ ಮರ್ಯಾದೆ ಇದೆ, ‘ಬಾ’ ಬಂದರೆ ಸಲಿಗೆ. ‘ಗುರುಗಳೇ’ ಅಂತ ರಾಗ ಎಳೆದರೆ ಮಾತ್ರ ಹಿಂದೆ ಯಾರೋ ನಗುತ್ತಿದ್ದಾರಾ ಅಂತ ತಿರುಗಿ ನೋಡಿ.

ಪ್ರಶ್ನೆ: ಮಂಗಳೂರಿಗೆ ವರ್ಗವಾಗಿ ಬಂದಿದ್ದೇನೆ. ಎಲ್ಲರೂ ‘ಎಂತ ಮಾರಾಯ್ರೆ’ ಅಂತಾರೆ. ನಾನೇನು ಮಹಾರಾಜನಾ?
– ಹೊಸಬ

ಉತ್ತರ: ಮೂಲ ಕೇಳಿದರೆ ಹತ್ತಿರ ಹತ್ತಿರ ಹೌದು. ಮಹಾರಾಯ ಸವೆದು ಸವೆದು ಮಾರಾಯ ಆಗಿದೆ, ಹೆಂಗಸರಿಗೆ ಮಾರಾಯ್ತಿ. ಕರಾವಳಿ, ಮಲೆನಾಡಿನಲ್ಲಿ ಬೇಸರ, ಆಶ್ಚರ್ಯ, ಸಮಾಧಾನ, ಸೆಕೆ ಎಲ್ಲಕ್ಕೂ ಅದೊಂದೇ ಸಾಕು. ಈಗ ನಿಮಗೆ ಸಿಗುತ್ತಿರೋದು ಬಹುವಚನ. ಯಾರಾದರೂ ‘ಸಾಕು ಮಾರಾಯಾ’ ಅಂತ ಏಕವಚನಕ್ಕೆ ಇಳಿದರೆ ನೀವು ಅವರಿಗೆ ಹತ್ತಿರದವರಾದಿರಿ ಅಂತ ತಿಳಿಯಿರಿ. ಅಲ್ಲಿವರೆಗೆ ಬಾಡಿಗೆ ಮನೆಯ ಓನರಿಗೆ ನೀವಾಗಿ ಮಾರಾಯಾ ಅನ್ನೋಕೆ ಹೋಗಬೇಡಿ.